ಚಿನ್ನವೊಂದನ್ನು ಬಿಟ್ಟು ಎಲ್ಲವನ್ನೂ ಕರಗಿಸಿ

ಹಳೆಯ ಕಂಪ್ಯೂಟರಿನ ರ‍್ಯಾಮ್ ಕಾರ್ಡಿನ ಅಂಚಿನಲ್ಲಿ ಸಾಲಾಗಿ ಹೊಳೆಯುವ ಹಳದಿ ಪಟ್ಟಿಗಳಿವೆಯಲ್ಲ, ಅದು ಅಪ್ಪಟ ಅನ್ನುವಷ್ಟು ಶುದ್ಧ ಚಿನ್ನ. ತುಸು ಕೋಬಾಲ್ಟ್ ಅಥವಾ ನಿಕ್ಕಲ್ ಬೆರೆಸಿ ಗಟ್ಟಿ ಮಾಡಿರುತ್ತಾರೆ, ಅಷ್ಟೆ. ಗುಜರಿಯವರಿಗೆ ಇದು ಚೆನ್ನಾಗಿ ಗೊತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಕಂಪ್ಯೂಟರ್ ಭಾಗಗಳಿಗೆ ಬೆಲೆ ಕಟ್ಟುವವರು ಯಾವ ಬೋರ್ಡು ಯಾವ ಕಾಲದ್ದು ಎಂದು ಮೊದಲು ನೋಡುವುದು ಸುಮ್ಮನೆ ಅಲ್ಲ.

ಅಲ್ಲಿ ಚಿನ್ನವೇ ಏಕೆ ಬೇಕಿತ್ತು? ಬೆಳ್ಳಿ, ತಾಮ್ರ ಎರಡೂ ಚಿನ್ನಕ್ಕಿಂತ ಚೆನ್ನಾಗಿ ವಿದ್ಯುತ್ ಹರಿಸುತ್ತವೆ. ಆದರೆ ಬೆಳ್ಳಿ ಗಂಧಕ ಸೋಂಕಿದ ಗಾಳಿಗೆ ಕಪ್ಪಾಗುತ್ತದೆ, ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ಗೋಡೆಯ ಸ್ವಿಚ್ಚಿನಲ್ಲಾದರೆ 230 ವೋಲ್ಟ್ ಆ ತೆಳುಪೊರೆಯನ್ನು ಲೆಕ್ಕಿಸುವುದಿಲ್ಲ. ರ‍್ಯಾಮ್ ಕಾರ್ಡಿನಲ್ಲಿ ಓಡಾಡುವುದು ಒಂದೆರಡು ವೋಲ್ಟಿನ ಸಂಕೇತ. ಕಿಲುಬಿನ ಒಂದು ಪದರ ಸಾಕು ಅದನ್ನು ತಡೆಯಲು. ಯಾವುದರ ಜೊತೆಗೂ ಬೆರೆಯದೆ ತನ್ನಷ್ಟಕ್ಕೆ ಇರುವ ಸ್ವಭಾವಕ್ಕಾಗಿಯೇ ಚಿನ್ನಕ್ಕೆ ಈ ಕೆಲಸ ಸಿಕ್ಕಿದೆ. ಅದನ್ನು ಮರಳಿ ಪಡೆಯುವ ದಾರಿಯೂ ಅದೇ ಸ್ವಭಾವದ ಮೇಲೆ ನಿಂತಿದೆ.

ಮೊದಲು ಲೆಕ್ಕ. ಒಳ್ಳೆಯ ಕಾರ್ಡಿನ ಅಂಚಿನಲ್ಲಿ ಚಿನ್ನದ ದಪ್ಪ ಹೆಚ್ಚೆಂದರೆ ಮುಕ್ಕಾಲು ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಚಿನ್ನ ನೀರಿಗಿಂತ 19.3 ಪಟ್ಟು ಭಾರ. ಗುಣಿಸಿ ನೋಡಿದರೆ ಒಂದು ಚದರ ಸೆಂಟಿಮೀಟರಿಗೆ ಒಂದೂವರೆ ಮಿಲಿಗ್ರಾಂ ಕೂಡ ಬರುವುದಿಲ್ಲ. ಒಂದು ಗ್ರಾಂ ಚಿನ್ನಕ್ಕೆ ಎ4 ಹಾಳೆಗಿಂತ ಸ್ವಲ್ಪ ದೊಡ್ಡದಾದ ಹಳದಿ ಮೈ ಬೇಕು. ರ‍್ಯಾಮ್ ಕಾರ್ಡಿನ ಎರಡೂ ಬದಿ ಸೇರಿಸಿದರೆ ಸಿಗುವುದು ನಾಲ್ಕೈದು ಚದರ ಸೆಂಟಿಮೀಟರ್. ಬೋರ್ಡಿನ ಉಳಿದ ಕಡೆ ಹಚ್ಚುವ ತೆಳು ಲೇಪವಂತೂ ಇದರ ಹತ್ತನೇ ಒಂದು ಭಾಗ. ಅಲ್ಲಿ ಒಂದು ಗ್ರಾಮಿಗೆ ಹತ್ತು ಹಾಳೆ!

ಹಾಗಿದ್ದೂ ಇದು ಶ್ರೀಮಂತ ಅದಿರು. 2001ರ ಫೆಬ್ರುವರಿ 28ರಂದು ಕೆ.ಜಿ.ಎಫ್. ಗಣಿ ಮುಚ್ಚುವ ಹೊತ್ತಿಗೆ ಮೂರು ಕಿಲೋಮೀಟರ್ ಆಳದಿಂದ ತಂದ ಒಂದು ಟನ್ ಕಲ್ಲಿನಲ್ಲಿ ಸಿಗುತ್ತಿದ್ದುದು ಮೂರ‍್ನಾಲ್ಕು ಗ್ರಾಂ. ಬ್ಯಾಟರಿ ತೆಗೆದ ಮೊಬೈಲ್ ಫೋನುಗಳನ್ನು ಒಂದು ಟನ್ ರಾಶಿ ಹಾಕಿದರೆ ಅದರಲ್ಲಿ ಇನ್ನೂರರಿಂದ ಮುನ್ನೂರು ಗ್ರಾಂ ಚಿನ್ನ ಇರುತ್ತದೆ. ಪತ್ರಿಕೆಗಳು ಇಷ್ಟು ಹೇಳಿ ನಿಲ್ಲಿಸುತ್ತವೆ. ಅದನ್ನೋದಿದವರು ಅಟ್ಟದ ಮೇಲಿನ ಹಳೇ ಫೋನು ಇಳಿಸುತ್ತಾರೆ. ಒಂದು ಫೋನಿನ ಪಾಲಿಗೆ ಬರುವುದು ಸುಮಾರು 30 ಮಿಲಿಗ್ರಾಂ. ಅದೂ ಒಂದೇ ಕಡೆ ಇಲ್ಲ, ಚಿಪ್ಪುಗಳ ಒಳಗೆ, ಬೋರ್ಡಿನ ಪದರದ ಮೇಲೆ ಹರಡಿಹೋಗಿದೆ. ಕಲಿಯುವವರು ಮೊಬೈಲನ್ನು ಬಿಟ್ಟು, ಚಿನ್ನ ಕಣ್ಣಿಗೆ ಕಾಣುವ ಅಂಚುಪಟ್ಟಿಗಳಿಂದ ಶುರುಮಾಡುವುದು ಲೇಸು. 1990ರ ದಶಕದ ಪಿಂಗಾಣಿ ಮೈಯ ಪ್ರೊಸೆಸರ್‌ಗಳು, ಅದರಲ್ಲೂ ಪೆಂಟಿಯಂ ಪ್ರೊ, ಈ ಹವ್ಯಾಸದವರ ಕಣ್ಮಣಿ. ಈಚಿನ ಚಿಪ್ಪುಗಳ ಒಳಗೆ ಕೂದಲಿಗಿಂತ ತೆಳುವಾದ ಚಿನ್ನದ ತಂತಿಯ ಜಾಗಕ್ಕೆ ಬಹುಪಾಲು ತಾಮ್ರದ ತಂತಿ ಬಂದಿದೆ. ಬೋರ್ಡಿನಲ್ಲಿ ಹಳದಿ ಕಂಡದ್ದೆಲ್ಲ ಚಿನ್ನವೂ ಅಲ್ಲ. ಕೆಲವು ಬರೀ ಹಿತ್ತಾಳೆ.

ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ಹೆಕ್ಕುತ್ತಿದ್ದ ಜಲಗಾರರಿಗೆ ಚಿನ್ನದ ಭಾರವೇ ಉಪಕರಣವಾಗಿತ್ತು: ಮರಳು ತೇಲಿ ಹೋಗುತ್ತದೆ, ಚಿನ್ನ ಮರಿಗೆಯ ತಳದಲ್ಲಿ ಕೂರುತ್ತದೆ. ಕಾರ್ಡಿನಲ್ಲಿ ಚಿನ್ನ ನಿಕ್ಕಲಿಗೆ, ನಿಕ್ಕಲ್ ತಾಮ್ರಕ್ಕೆ, ತಾಮ್ರ ಫೈಬರ್ ಹಲಗೆಗೆ ಅಂಟಿಕೊಂಡಿದೆ. ತೊಳೆದರೆ ಬಿಡುವುದಿಲ್ಲ. ಹಾಗಾಗಿ ಚಿನ್ನದ ತಂಟೆಗೆ ಹೋಗದೆ ಅದರ ಕೆಳಗಿನದನ್ನು ಕರಗಿಸುತ್ತಾರೆ. ಕತ್ತರಿಸಿದ ಅಂಚುಪಟ್ಟಿಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮುಳುಗಿಸಿ, ಔಷಧಿ ಅಂಗಡಿಯಲ್ಲಿ ಸಿಗುವಂಥ ಹೈಡ್ರೋಜನ್ ಪೆರಾಕ್ಸೈಡನ್ನು ಸ್ವಲ್ಪವೇ ಸೇರಿಸಿದರೆ ತಾಮ್ರ ಕರಗಿ ದ್ರಾವಣ ಹಸಿರಾಗುತ್ತದೆ. ಆಮೇಲಿನ ವಿಷಯ ಸೊಗಸಾಗಿದೆ. ಹೀಗೆ ಹುಟ್ಟಿದ ತಾಮ್ರದ ಕ್ಲೋರೈಡೇ ಇನ್ನಷ್ಟು ತಾಮ್ರವನ್ನು ತಿನ್ನತೊಡಗುತ್ತದೆ. ದಣಿದಾಗ ಗಾಳಿಯ ಆಮ್ಲಜನಕ ಅದಕ್ಕೆ ಮತ್ತೆ ಚೈತನ್ಯ ಕೊಡುತ್ತದೆ. ಪೆರಾಕ್ಸೈಡ್ ಸುರಿಯುತ್ತಲೇ ಇದ್ದರೆ ಚಿನ್ನವೂ ಸ್ವಲ್ಪ ಕರಗಿಬಿಡುತ್ತದೆ. ಮೊದಲ ಸಲ ಮಾಡುವವರ ಅವಸರಕ್ಕೆ ಸಿಗುವ ಮೊದಲ ಪೆಟ್ಟು ಇದು. ಸುಮ್ಮನೆ ಬಿಟ್ಟರೆ ಕೆಲವು ದಿನಗಳಲ್ಲಿ ಚಿನ್ನದ ತೆಳುಹಾಳೆಗಳು ಕಳಚಿಕೊಂಡು ತೇಲುತ್ತವೆ.

ಬೆಸುಗೆಯ ತವರ ಇದ್ದರಂತೂ ಇನ್ನೊಂದು ಕಾಟ. ತವರದ ಮೇಲೆ ನೈಟ್ರಿಕ್ ಆಮ್ಲ ಬಿದ್ದರೆ ಸೋಸಲಾಗದ ಬಿಳಿ ಗೊಜ್ಜು ಹುಟ್ಟಿ ಚಿನ್ನವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಬೋರ್ಡನ್ನು ಇಡಿಯಾಗಿ ಆಮ್ಲಕ್ಕೆ ಹಾಕುವವರು ಸೋಲುವುದು ಇಲ್ಲಿ. ಸಿ.ಎಂ. ಹೋಕ್ 1940ರಲ್ಲಿ ಅಮೆರಿಕದ ಆಭರಣಕಾರರಿಗೆ, ದಂತವೈದ್ಯರಿಗೆ ಬರೆದ ಬೆಲೆಬಾಳುವ ಲೋಹಗಳ ಶುದ್ಧೀಕರಣದ ಕೈಪಿಡಿಯನ್ನು ಇವತ್ತಿಗೂ ಹೊಸಬರ ಕೈಗೆ ಕೊಡುತ್ತಾರೆ. ಆಗ ಸರ್ಕ್ಯೂಟ್ ಬೋರ್ಡುಗಳು ಇನ್ನೂ ಬಳಕೆಗೆ ಬಂದಿರಲಿಲ್ಲ, ಆದರೆ ಲೋಹಗಳ ಗುಣ ಬದಲಾಗಿಲ್ಲವಲ್ಲ.

ಕಳಚಿದ ಹಾಳೆಗಳನ್ನು ಶುದ್ಧಮಾಡಲು ಈಗ ಚಿನ್ನವನ್ನೇ ಕರಗಿಸಬೇಕು. ನೈಟ್ರಿಕ್ ಆಮ್ಲ ಒಂದೇ ಆದರೆ ಚಿನ್ನ ಜಗ್ಗುವುದಿಲ್ಲ, ಹೈಡ್ರೋಕ್ಲೋರಿಕ್ ಒಂದೇ ಆದರೂ ಇಲ್ಲ. ಎರಡೂ ಸೇರಿದ ಆಕ್ವಾ ರೀಜಿಯಾದಲ್ಲಿ ನೈಟ್ರಿಕ್ ಆಮ್ಲ ಚಿನ್ನದ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳುತ್ತದೆ, ಎಲೆಕ್ಟ್ರಾನ್ ಹಿಂದಿರುಗುವ ಮೊದಲೇ ಕ್ಲೋರೈಡ್ ಆ ಪರಮಾಣುವನ್ನು ಸುತ್ತುವರಿದು ದ್ರಾವಣಕ್ಕೆ ಎಳೆದುಕೊಳ್ಳುತ್ತದೆ. 1940ರಲ್ಲಿ ಜರ್ಮನ್ ಸೇನೆ ಕೋಪನ್‌ಹೇಗನ್‌ಗೆ ನುಗ್ಗಿದಾಗ ರಸಾಯನವಿಜ್ಞಾನಿ ಜಾರ್ಜ್ ಡಿ ಹೆವೆಸಿ, ಭೌತವಿಜ್ಞಾನಿಗಳಾದ ಲೌಯೆ ಮತ್ತು ಫ್ರಾಂಕ್ ಅವರ ನೊಬೆಲ್ ಪದಕಗಳನ್ನು ಬಚ್ಚಿಟ್ಟದ್ದು ಹೀಗೆಯೇ. ನೀಲ್ಸ್ ಬೋರ್ ಅವರ ಪ್ರಯೋಗಾಲಯದ ಕಪಾಟಿನಲ್ಲಿದ್ದ ಆ ಸೀಸೆ ಯಾರ ಕಣ್ಣಿಗೂ ಬೀಳಲಿಲ್ಲ. ಯುದ್ಧ ಮುಗಿದ ಮೇಲೆ ಚಿನ್ನವನ್ನು ಮರಳಿ ತೆಗೆದು ಪದಕಗಳನ್ನು ಮತ್ತೆ ಎರಕ ಹೊಯ್ದರು.

ಮರಳಿ ತೆಗೆಯುವ ಮದ್ದು ನಮ್ಮ ಗ್ರಂಧಿಗೆ ಅಂಗಡಿಯದು: ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್. ಸೋಡಿಯಂ ಮೆಟಾಬೈಸಲ್ಫೈಟ್ ಬಳಸುವವರೂ ಇದ್ದಾರೆ. ಮಿಕ್ಕ ನೈಟ್ರಿಕ್ ಆಮ್ಲವನ್ನು ಮೊದಲು ಹೋಗಲಾಡಿಸಿರಬೇಕು, ಇಲ್ಲದಿದ್ದರೆ ಇಳಿದ ಚಿನ್ನ ಮತ್ತೆ ಕರಗುತ್ತದೆ. ದ್ರಾವಣದಲ್ಲಿ ಚಿನ್ನ ಇದೆಯೋ ಇಲ್ಲವೋ ತಿಳಿಯಲು ತವರದ ಕ್ಲೋರೈಡಿನ ಒಂದು ಹನಿ ಸಾಕು. ಇದ್ದರೆ ನೇರಳೆ ಬಣ್ಣ ಬರುತ್ತದೆ. ಕೊನೆಗೆ ತಳಕ್ಕಿಳಿಯುವುದನ್ನು ನೋಡಿ ಹೊಸಬರು ಪೆಚ್ಚಾಗುತ್ತಾರೆ. ಕಾಫಿ ಚರಟದಂತಹ ಕಂದು ಕೆಸರು, ಹೊಳಪಿನ ಸುಳಿವೂ ಇಲ್ಲ. ಕಣ ಅಷ್ಟು ಸಣ್ಣದಾದಾಗ ಚಿನ್ನ ಕಾಣುವುದೇ ಹಾಗೆ. ಹಲವು ಸಲ ತೊಳೆದು, ಬಿಳಿಗಾರ ಸೇರಿಸಿ, ಮೂಸೆಯಲ್ಲಿ 1064 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ಹಳದಿ ಗುಂಡು ಕೂಡಿಕೊಳ್ಳುತ್ತದೆ.

ಇಷ್ಟು ಓದಿ ಅಡುಗೆಮನೆಯಲ್ಲಿ ಪ್ರಯತ್ನಿಸುವ ಮನಸ್ಸಾದರೆ, ದಯವಿಟ್ಟು ಬೇಡ. ಆಕ್ವಾ ರೀಜಿಯಾದಿಂದ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದನ್ನು ಉಸಿರಾಡಿದಾಗ ಸ್ವಲ್ಪ ಕೆಮ್ಮು ಬಂದು ನಿಲ್ಲಬಹುದು. ಆದರೆ ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಹೊಗೆ ಎಳೆಯುವ ಗೂಡು ಇರುವ ಪ್ರಯೋಗಾಲಯ, ಗೊತ್ತಿರುವವರ ಜೊತೆ, ಇವಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಗಣಿಗಳಲ್ಲಿ ಬಳಸುವ ಸಯನೈಡಿನ ಹೆಸರನ್ನಂತೂ ಎತ್ತುವುದೇ ಬೇಡ. ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್, ಚೀನಾದ ಗುಯಿಯು ಇವೆಲ್ಲ ಬೋರ್ಡು ಸುಟ್ಟು, ಬರಿಗೈಯಲ್ಲಿ ಆಮ್ಲ ಕಲಕಿ ಕುಖ್ಯಾತವಾದ ಊರುಗಳು. ನಮ್ಮ 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆ ಉದ್ಯಮ ನಡೆಸಲು ನೋಂದಣಿ ಕಡ್ಡಾಯ.

ದೊಡ್ಡ ಕಾರ್ಖಾನೆಗಳ ದಾರಿ ಇದಕ್ಕೆ ತಿರುಗುಮುರುಗು. ಬೆಲ್ಜಿಯಂನ ಹೋಬೋಕನ್‌ನಲ್ಲಿರುವ ಯುಮಿಕೋರ್ ಕುಲುಮೆಗೆ ಬೋರ್ಡುಗಳು ಇಡಿಯಾಗಿ ಹೋಗುತ್ತವೆ. ಪ್ಲಾಸ್ಟಿಕ್ ಉರುವಲಾಗುತ್ತದೆ, ನಮಗೆ ಕಾಟ ಕೊಟ್ಟ ತಾಮ್ರವೇ ಅಲ್ಲಿ ಕರಗಿ ಚಿನ್ನ, ಬೆಳ್ಳಿ, ಪಲ್ಲಾಡಿಯಂಗಳನ್ನು ಹೀರಿಕೊಳ್ಳುತ್ತದೆ. ಆಮೇಲೆ ತಾಮ್ರವನ್ನು ಬೇರ್ಪಡಿಸಿ ಉಳಿದದ್ದರಿಂದ ಚಿನ್ನ ತೆಗೆಯುತ್ತಾರೆ. ಹೊಗೆಯನ್ನು ಶುದ್ಧಮಾಡುವ ಏರ್ಪಾಡಿಗೇ ಅಲ್ಲಿ ಭಾರೀ ಖರ್ಚು. ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ 2005ರಲ್ಲಿ ಶುರುವಾದ ಇ-ಪರಿಸರ, ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ. ಮನೆಯ ಹಳೆಯ ಬೋರ್ಡುಗಳು ಹೋಗಬೇಕಾದದ್ದು ಇಂಥ ಕಡೆಗೆ.

ಪ್ರಯೋಗಾಲಯದಲ್ಲಿ ಕಲಿಯುವವರ ಮುಂದೆ ಕೊನೆಗೆ ಉಳಿಯುವುದು ಹಸಿರು ದ್ರಾವಣದ ಬಕೆಟ್ಟು. ಅಂಚುಪಟ್ಟಿಯ ಕೆಳಗಿನ ತಾಮ್ರದ ಹಾಳೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. ತೂಕದಲ್ಲಿ ಚಿನ್ನದ ಇಪ್ಪತ್ತು ಪಟ್ಟಿಗೂ ಹೆಚ್ಚು. ಅದೆಲ್ಲ ಈಗ ಈ ಬಕೆಟ್ಟಿನಲ್ಲಿದೆ. ಚರಂಡಿಗೆ ಸುರಿದರೆ ಕೆರೆಯ ಮೀನು ಉಳಿಯುವುದಿಲ್ಲ. ಅದಕ್ಕೆ ಕಬ್ಬಿಣದ ಚೂರುಗಳನ್ನು ಹಾಕಿಡಬೇಕು. ಕಬ್ಬಿಣ ಕರಗುತ್ತಾ ಹೋದಂತೆ ತಾಮ್ರ ಕೆಂಪು ಪುಡಿಯಾಗಿ ಇಳಿಯುತ್ತದೆ. ಆಮೇಲೆ ಸುಣ್ಣ ಹಾಕಿ ಆಮ್ಲೀಯತೆ ತಗ್ಗಿಸಿದರೆ ಕಬ್ಬಿಣ, ನಿಕ್ಕಲ್ ಕೆಸರಾಗಿ ಕೂರುತ್ತವೆ. ಆ ಕೆಸರನ್ನು ಒಣಗಿಸಿ, ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಘಟಕಕ್ಕೆ ಒಪ್ಪಿಸಬೇಕು.