ಆಫೀಸ್ ಕಂಪ್ಯೂಟರಿಗೂ ಬೀಗ, ಅಗುಳಿ ಬೇಕು!

ಊರಿಗೆ ಹೊರಟಾಗ ಬಾಗಿಲಿಗೆ ಬೀಗ ಹಾಕಿದ ಮೇಲೂ ಒಂದ್ಸಲ ಎಳೆದು ನೋಡ್ತೀರಿ ತಾನೆ? ಆದರೆ ನಿಮ್ಮ ರಕ್ತ ಪರೀಕ್ಷೆಯ ವರದಿ, ಬ್ಯಾಂಕಿನ ಲೆಕ್ಕ, ಮಕ್ಕಳ ಶಾಲೆಯ ದಾಖಲೆ ಎಲ್ಲವೂ ಈಗ ಯಾರದೋ ಕಂಪ್ಯೂಟರಿನಲ್ಲಿ ಕುಳಿತಿವೆ. ಅಲ್ಲಿ ಬೀಗ ಎಳೆದು ನೋಡುವವರು ಯಾರು?

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಹೊರಗಿನಿಂದ ನುಗ್ಗಿದವರು ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಯನ್ನು ಯಾರೂ ಓದಲಾಗದಂತೆ ಮಾಡಿಬಿಟ್ಟಿದ್ದರು. ಇಂಥ ದಾಳಿಗೆ ರ‍್ಯಾನ್ಸಮ್‌ವೇರ್ ಅಂತಾರೆ. ನಮ್ಮದೇ ಬೀರುವಿಗೆ ಕಳ್ಳ ತನ್ನ ಬೀಗ ಜಡಿದು, ಕೀಗೆ ದುಡ್ಡು ಕೇಳಿದ ಹಾಗೆ! ಸುಮಾರು ಎರಡು ವಾರ ಸಿಬ್ಬಂದಿ ನೋಂದಣಿ, ಲ್ಯಾಬ್ ವರದಿ, ಬಿಲ್ಲು ಎಲ್ಲವನ್ನೂ ಕೈಯಲ್ಲೇ ಬರೆದರು. ರೋಗಿಗಳ ಪಾಡು ನೀವೇ ಊಹಿಸಿ.

ಮಾಹಿತಿ ಮರಳಿ ಸಿಕ್ಕಿದ್ದು ದಾಳಿ ತಟ್ಟದ ಒಂದು ಬ್ಯಾಕಪ್ ಸರ್ವರಿನಿಂದ. ನಾವು ಉಪ್ಪಿನಕಾಯಿಯ ದೊಡ್ಡ ಭರಣಿಗೆ ಬಟ್ಟೆ ಕಟ್ಟಿ ಒಳಗಿಟ್ಟು, ದಿನಬಳಕೆಗೆ ಸಣ್ಣ ಜಾಡಿ ಇಟ್ಕೊಳ್ಳಲ್ವೆ? ಸಣ್ಣದಕ್ಕೆ ಬೂಷ್ಟು ಬಂದರೂ ದೊಡ್ಡದು ಉಳಿಯುತ್ತೆ. ಸಂಸ್ಥೆಗಳೂ ಮಾಹಿತಿಯ ಒಂದು ಪ್ರತಿಯನ್ನು ಮುಖ್ಯ ಜಾಲಕ್ಕೆ ತಾಗದಂತೆ ಬೇರೆ ಇಡುತ್ತವೆ. ಬರೀ ಇಟ್ಟರೆ ಸಾಲದು, ಆಗಾಗ ತೆಗೆದು ಸರಿಯಿದೆಯೇ ಅಂತ ನೋಡಲೂಬೇಕು.

ಹಾಗಾದರೆ ಕಳ್ಳ ಅಷ್ಟು ಒಳಗೆ ಹೋದದ್ದು ಹೇಗೆ? ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಅಂದರೆ ಹೆಬ್ಬಾಗಿಲು ದಾಟಿದರೆ ಮುಗೀತು, ಒಳಗೆ ರೂಮು ರೂಮಿಗೂ ಬಾಗಿಲಿಲ್ಲ. ಮನೆಗೆ ಬಂದ ನೆಂಟರಿಗೆ ಹಾಲ್ ಬಿಟ್ಟುಕೊಡ್ತೀವಿ, ಬೀರು ಕೀ ಕೊಡ್ತೀವಾ? ಅದಕ್ಕೇ ಒಳ್ಳೆಯ ಸಂಸ್ಥೆಗಳಲ್ಲಿ ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ತೆರೆಯುತ್ತೆ. ಪಾಸ್‌ವರ್ಡ್ ಜೊತೆಗೆ ಒಟಿಪಿಯನ್ನೂ ಕೇಳೋದು ಇದೇ ಎಚ್ಚರಿಕೆಗೆ.

ಇನ್ನು ಅಪ್‌ಡೇಟ್. 'ಆಮೇಲೆ ಮಾಡಿದರಾಯ್ತು' ಅಂತ ನಾವೆಲ್ಲ ಒತ್ತುವ ಆ ಬಟನ್ ದುಬಾರಿ ಕಣ್ರೀ. ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ಒಂದು ದೋಷಕ್ಕೆ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದ ಕಂಪ್ಯೂಟರುಗಳಿಗೆ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ತಗುಲಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ರದ್ದಾದವು.

'ಇದೆಲ್ಲ ಕಂಪನಿಯವರ ತಲೆನೋವು, ನಮಗೇನು?' ಅನ್ನಬೇಡಿ. ಮನೆಯವರದೋ ಮಗಳದೋ ಆಫೀಸ್ ಲ್ಯಾಪ್‌ಟಾಪ್ ಈಗ ನಿಮ್ಮ ಊಟದ ಮೇಜಿನ ಮೇಲೇ ಇದೆಯಲ್ಲ! ಅಂದರೆ ಆ ಕಂಪನಿಯ ಒಂದು ಹಿಂಬಾಗಿಲು ನಿಮ್ಮ ಮನೆಯಲ್ಲಿದೆ. ಮಕ್ಕಳ ಪ್ರಾಜೆಕ್ಟ್ ಅದರಲ್ಲಿ ಬೇಡ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್ ಅಂತೂ ಸುತರಾಂ ಬೇಡ. ಅವರು ಸ್ನಾನಕ್ಕೆ ಹೋದಾಗ ಅವರ ಮೊಬೈಲಿಗೆ ಫೋನ್ ಬಂದು, 'ಆಫೀಸಿನ ಐಟಿಯಿಂದ ಮಾತಾಡ್ತಿದ್ದೀವಿ ಮೇಡಂ, ಈಗ ಬಂದ ಒಟಿಪಿ ಸ್ವಲ್ಪ ಹೇಳಿ' ಅಂದರೆ ಮರುಮಾತಿಲ್ಲದೆ ಇಟ್ಟುಬಿಡಿ. ನಿಜವಾದ ಐಟಿಯವರು ಒಟಿಪಿ ಕೇಳುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಫೈಲ್‌ಗಳು ತೆರೆಯದೆ, ದುಡ್ಡು ಕೇಳುವ ಸಂದೇಶ ಬಂದರೆ ಮೊದಲು ವೈಫೈ ಆರಿಸಿ. ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ಸಂಸ್ಥೆಗಳು ಸರ್ಕಾರದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರಲ್ಲೇ ಆದೇಶವಾಗಿದೆ. ಆದ್ದರಿಂದ ರಾತ್ರಿ ಹನ್ನೊಂದಾಗಿದ್ದರೂ ಸರಿ, 'ಬೆಳಗ್ಗೆ ಹೇಳಿದರಾಯ್ತು' ಎನ್ನಲು ಬಿಡದೆ ಆಗಲೇ ಆಫೀಸಿಗೆ ಫೋನ್ ಮಾಡಿಸಿ.