ಬೇಸಿಗೆಯ ತಾಪ ಮತ್ತು ಹೈನುರಾಸುಗಳು: ಕೊಟ್ಟಿಗೆಯಲ್ಲಿ ಆರಂಭವಾಗುವ ನಷ್ಟ

ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿರುವ ಧಾರವಾಡ ಪೇಢಾ ಸೇರಿದಂತೆ ಈ ಭಾಗದ ಖವಾ, ತುಪ್ಪ ಮತ್ತು ಸಿಹಿತಿಂಡಿ ಉದ್ಯಮಗಳಿಗೆ ಹಾಲೇ ಮೂಲ ಕಚ್ಚಾವಸ್ತು. ಬೇಸಿಗೆಯಲ್ಲಿ ಹಾಲು ಕಡಿಮೆಯಾಗುವುದಕ್ಕೆ ಮೇವಿನ ಅಭಾವವೊಂದೇ ಕಾರಣವೆಂದು ಭಾವಿಸುವುದು ರೂಢಿ. ಆದರೆ ರಾಸು ತಾಳಲಾರದ ತಾಪವೂ ಅಷ್ಟೇ ಮುಖ್ಯ ಕಾರಣವಾಗಿದೆ.

ತಾಪದ ಅಳತೆ

ರಾಸುಗಳಿಗಾಗುವ ತಾಪದ ಒತ್ತಡವನ್ನು ಉಷ್ಣಾಂಶ ಹಾಗೂ ತೇವಾಂಶಗಳೆರಡನ್ನೂ ಕೂಡಿಸಿದ ಸೂಚ್ಯಂಕದಿಂದ ಅಳೆಯುತ್ತಾರೆ. ಅದು 72 ದಾಟಿದರೆ ಮಿಶ್ರತಳಿ ಹಸುಗಳಿಗೆ ತೊಂದರೆ ಆರಂಭವಾಗುತ್ತದೆ. ಉಷ್ಣಾಂಶ 36 ಡಿಗ್ರಿ, ತೇವಾಂಶ ಶೇ. 30 ಇರುವ ಮಧ್ಯಾಹ್ನ ಸೂಚ್ಯಂಕ ಸುಮಾರು 82. ಉಷ್ಣಾಂಶ 28 ಡಿಗ್ರಿಯೇ ಇದ್ದು ತೇವಾಂಶ ಶೇ. 70 ಇದ್ದರೂ ಅದು 78ರಷ್ಟಾಗುತ್ತದೆ. ಆದ್ದರಿಂದ ಮೊದಲ ಮಳೆಯ ನಂತರದ ಸೆಕೆಯೂ ನಿರಪಾಯಕಾರಿಯಲ್ಲ.

ಮೇವು ಪಚನವಾಗುವಾಗ ಹಸುವಿನ ಹೊಟ್ಟೆಯಲ್ಲಿಯೇ ಶಾಖ ಉತ್ಪತ್ತಿಯಾಗುತ್ತದೆ. ಹೊರಗಿನ ತಾಪ ಹೆಚ್ಚಿದಾಗ ಅದು ಮೇವು ತಿನ್ನುವುದನ್ನೇ ಕಡಿಮೆ ಮಾಡಿ, ಬಾಯಿ ತೆರೆದು ತೇಕುತ್ತ ಜೊಲ್ಲು ಸುರಿಸುತ್ತದೆ. ಜೊಲ್ಲಿನೊಂದಿಗೆ ಕ್ಷಾರಾಂಶವೂ ನಷ್ಟವಾಗಿ ಹೊಟ್ಟೆಯಲ್ಲಿ ಆಮ್ಲತೆ ಏರಿ, ಹಾಲಿನ ಜಿಡ್ಡು ಇಳಿಯುತ್ತದೆ. ಬೆದೆ ಸರಿಯಾಗಿ ಕಾಣಿಸದು, ಗರ್ಭ ನಿಲ್ಲದು. ಹೀಗಾಗಿ ಒಂದು ಬೇಸಿಗೆಯ ನಷ್ಟ ಮುಂದಿನ ಕರುವಿನವರೆಗೂ ಮುಂದುವರಿಯುತ್ತದೆ. ಖವಾ ತಯಾರಕರಿಗೂ ಇದರ ಪೆಟ್ಟು ತಪ್ಪಿದ್ದಲ್ಲ: ಒಟ್ಟು ಘನಾಂಶ ಶೇ. 12.5 ರಿಂದ 12ಕ್ಕೆ ಇಳಿದರೆ, 100 ಕಿಲೋ ಹಾಲಿನಲ್ಲಿ ಅರ್ಧ ಕಿಲೋ ಘನಪದಾರ್ಥ ಕಡಿಮೆ ದೊರೆಯುತ್ತದೆ.

ತಗಡಿನ ಮಾಡು

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಸೀಮೆಯಲ್ಲಿ ಗಿಡಮರಗಳ ನೆರಳು ವಿರಳ. ಮಲೆನಾಡಿನ ಸೆರಗಿನ ಕಲಘಟಗಿಯಲ್ಲಿ ತಕ್ಕಮಟ್ಟಿಗೆ ಉಂಟು. ಎರೆಸೀಮೆಯ ಹಳೆಯ ಮನೆಗಳಲ್ಲಿ ದಪ್ಪ ಗೋಡೆ ಹಾಗೂ ಮಣ್ಣಿನ ಮೇಲ್ಮುದ್ದೆಯ ಕೆಳಗೆ ದನಗಳನ್ನೂ ಕಟ್ಟುತ್ತಿದ್ದರು. ಅದು ಮಧ್ಯಾಹ್ನದ ಬಿಸಿಯನ್ನು ತಡೆಯುತ್ತಿತ್ತು. ತಗ್ಗಾದ ತಗಡಿನ ಶೆಡ್ಡಿನಲ್ಲಿ ಕಾದ ತಗಡೇ ರಾಸಿನ ಬೆನ್ನಿಗೆ ಶಾಖ ಸೂಸುತ್ತದೆ. ಎಮ್ಮೆಗಳ ಕಷ್ಟ ಇನ್ನೂ ಹೆಚ್ಚು. ಅವುಗಳ ಚರ್ಮ ಕಪ್ಪು, ಬೆವರುಗ್ರಂಥಿಗಳೂ ಕಡಿಮೆ. 2021ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಣಿಯಾದ ಧಾರವಾಡಿ ಎಮ್ಮೆಗೂ ನೆರಳು, ನೀರು ಬೇಕೇ ಬೇಕು.

ಪರಿಹಾರ

ಉಪಾಯಗಳು ದುಬಾರಿಯಲ್ಲ. ಮಾಡನ್ನು ಎತ್ತರಿಸಿ, ಮೇಲೆ ಸುಣ್ಣ ಬಳಿದು ಅಥವಾ ಕಣಿಕೆ ಹೊದಿಸಿ, ಗಾಳಿಯಾಡಲು ಬದಿಗಳನ್ನು ತೆರೆದಿಡಬೇಕು. ಲೀಟರ್ ಹಾಲಿಗೆ ಮೂರು-ನಾಲ್ಕು ಲೀಟರ್ ನೀರು ಬೇಕಾಗುವುದರಿಂದ, ನೆರಳಿನಲ್ಲಿರುವ ತೊಟ್ಟಿಯಲ್ಲಿ ಹಗಲಿರುಳೂ ನೀರಿರಬೇಕು. ಗೋದಲಿಗೆ ಮೇವಿನ ಹೆಚ್ಚಿನ ಪಾಲನ್ನು ನಸುಕಿನಲ್ಲಿ ಮತ್ತು ರಾತ್ರಿ ಹಾಕುವುದು ಲೇಸು. ಮೈಮೇಲೆ ನೀರು ಸಿಂಪಡಿಸಿದರೆ ಫ್ಯಾನಿನ ಗಾಳಿಯೂ ಇರಬೇಕು. ಗಾಳಿಯಿಲ್ಲದ ಶೆಡ್ಡಿನಲ್ಲಿ ಬರಿಯ ನೀರು ಸೆಕೆಯನ್ನೇ ಹೆಚ್ಚಿಸುತ್ತದೆ. ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರಾಟ ಕಂಡುಬಂದರೆ ರಾಸು ಸಂಕಟದಲ್ಲಿದೆಯೆಂದು ತಿಳಿಯಬೇಕು.

ತಗಡು ಮಾರುವವರು, ಶೆಡ್ಡು ನಿರ್ಮಿಸುವ ಫ್ಯಾಬ್ರಿಕೇಟರುಗಳು ಹಾಗೂ ಪಶು ಆಹಾರದ ವರ್ತಕರು ರೈತರಿಗೆ ಸಾಮಗ್ರಿಯೊಂದಿಗೆ ಈ ತಿಳಿವಳಿಕೆಯನ್ನೂ ನೀಡುವುದು ಉಚಿತ. ಮಾಡಿನ ಎತ್ತರ ನಿರ್ಧಾರವಾಗುವುದು ಶೆಡ್ಡಿನ ಅಂದಾಜುಪಟ್ಟಿ ಬರೆಯುವಾಗಲೇ. ಕಂಬಗಳನ್ನು ನೆಟ್ಟ ಮೇಲೆ ಅದನ್ನು ಬದಲಿಸುವ ಖರ್ಚು ರೈತನದು, ಹಾಲು ಕಡಿಮೆಯಾದರೆ ನಷ್ಟ ಎಲ್ಲರದು.