ದಾದಿಯರ ಒಪ್ಪಂದವೂ ಸೇವಾಧರ್ಮವೂ

ಶುಶ್ರೂಷೆ ಸೇವಾಧರ್ಮವೆಂದ ಮೇಲೆ ಅಲ್ಲಿ ವೇತನದ ಚೌಕಾಸಿಗೆ ಎಡೆಯುಂಟೆ? ಅಮೆರಿಕದ ದಾದಿಯರು ಈ ಪ್ರಶ್ನೆಯನ್ನು ಬಹುಕಾಲ ಎದುರಿಸಿದರು. ಅಮೆರಿಕನ್ ನರ್ಸಸ್ ಅಸೋಸಿಯೇಷನ್ 1946ರಲ್ಲಿ ಸಾಮೂಹಿಕ ಸಂಧಾನಕ್ಕೆ ಸಮ್ಮತಿಸಿತು. 1950ರಲ್ಲಿ ಮುಷ್ಕರವನ್ನು ತಾನಾಗಿಯೇ ವರ್ಜಿಸಿತು. 1968ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿತು.

ಮನೆಮನೆಗೆ ಹೋಗಿ ಬಾಣಂತಿ, ಶಿಶು, ಕ್ಷಯರೋಗಿಗಳನ್ನು ವಿಚಾರಿಸಿಕೊಳ್ಳುವ ಸಾರ್ವಜನಿಕ ಆರೋಗ್ಯ ದಾದಿಯ ಸ್ಥಿತಿ ಇನ್ನೂ ಭಿನ್ನ. ಆಕೆಯ ಧಣಿ ಸಾಮಾನ್ಯವಾಗಿ ಸರಕಾರವೇ. 1974ರಲ್ಲಿ ಧರ್ಮಾರ್ಥ ಆಸ್ಪತ್ರೆಗಳಿಗೆ ವಿಸ್ತರಿಸಲ್ಪಟ್ಟ ಕೇಂದ್ರ ಕಾರ್ಮಿಕ ಕಾನೂನು ಸರಕಾರಿ ನೌಕರರನ್ನು ಒಳಗೊಳ್ಳುವುದಿಲ್ಲ; ಅವರ ಹಕ್ಕು ಆಯಾ ರಾಜ್ಯದ ಶಾಸನಕ್ಕೆ ಬಿಟ್ಟದ್ದು. ಕ್ಯಾಲಿಫೋರ್ನಿಯದ 1968ರ ಶಾಸನದಂತೆ ಕೌಂಟಿ ಆಡಳಿತವು ನೌಕರರ ಸಂಘದೊಡನೆ ಸದ್ಭಾವದಿಂದ ಸಮಾಲೋಚಿಸಲೇಬೇಕು. ಆದರೂ ಉಭಯ ಪಕ್ಷಗಳ ಪ್ರತಿನಿಧಿಗಳು ಒಪ್ಪಿದ ಕರಾರು ಚುನಾಯಿತ ಮಂಡಳಿ ಅಂಗೀಕರಿಸುವವರೆಗೆ ಊರ್ಜಿತವಾಗದು.

ಇಂಥ ಸಂಧಾನದಲ್ಲಿ ವೇತನದೊಡನೆ ಬೇರೆ ಪ್ರಶ್ನೆಗಳೂ ಏಳುತ್ತವೆ: ಒಬ್ಬಾಕೆಗೆ ಎಷ್ಟು ಮನೆಗಳು, ಪ್ರಯಾಣದ ವೆಚ್ಚ ಯಾರದು, ಅಪರಿಚಿತರ ಮನೆಯಲ್ಲಿ ಆಕೆಗೆ ರಕ್ಷಣೆ ಹೇಗೆ? ಮನೆಗಳ ಸಂಖ್ಯೆ ಮಿತಿಮೀರಿದರೆ ಮೊದಲು ಮೊಟಕಾಗುವುದು ಬಾಣಂತಿಯ ಬಳಿ ಕುಳಿತು ಮಾತಾಡುವ ಹೊತ್ತು. ಆದುದರಿಂದ ದಾದಿಯ ದುಡಿಮೆಯ ಮಿತಿಯನ್ನು ಕರಾರಿನಲ್ಲಿ ಬರೆದಿಟ್ಟಾಗ, ರೋಗಿಗೆ ಸಲ್ಲಬೇಕಾದ ಗಮನವೂ ಅದರಲ್ಲಿ ಸೇರಿಯೇ ಇರುತ್ತದೆ.